ಯಾವುದಕ್ಕೂ ಇರಲಿ ಸಿದ್ಧಾಂತ

2025ರ ಸೆಪ್ಟೆಂಬರ್ 7ರ ಭಾನುವಾರ ನಮ್ಮ ಎದುರು ಮನೆಯವರು ಮಧ್ಯಾಹ್ನ 12 ಗಂಟೆ 55 ನಿಮಿಷಕ್ಕೆ ಮಜ್ಜಿಗೆಯನ್ನದ ಕೊನೆಯ ತುತ್ತು ನುಂಗಿ, ಎರಡು ನಿಮಿಷ ಉಳಿಸಿಕೊಂಡೇ ಕೈ ತೊಳೆದರು. ಅಂದು ರಾತ್ರಿ 9 ಗಂಟೆ 57 ನಿಮಿಷಕ್ಕೆ ಭೂಮಿಯ ದಟ್ಟ ನೆರಳು ಚಂದ್ರನ ಅಂಚನ್ನು ಮುಟ್ಟುವುದಿತ್ತು. ಚಂದ್ರಗ್ರಹಣಕ್ಕೆ ಮೂರು ಯಾಮ, ಅಂದರೆ ಒಂಬತ್ತು ಗಂಟೆ ಮೊದಲೇ ಊಟ ನಿಷಿದ್ಧವಾಗುವ ವೇಧ ಹಿಡಿಯುತ್ತದೆಂದು ಶಾಸ್ತ್ರ ಹೇಳುವುದರಿಂದ 12 ಗಂಟೆ 57 ನಿಮಿಷದ ನಂತರ ಅವರ ಮನೆಯಲ್ಲಿ ಅನ್ನ ವಿಷವಾಗುವುದಿತ್ತು. ವಿಷವಿಕ್ಕಲಿದ್ದ ಚಂದ್ರನಾದರೋ ಆ ಹೊತ್ತಿಗೆ ಬೆಂಗಳೂರಿನ ಆಕಾಶದಲ್ಲಿ ಇರಲೇ ಇಲ್ಲ. ಹುಣ್ಣಿಮೆಯ ದಿನ ನಡುಹಗಲಿನಲ್ಲಿ ಆತ ಎಲ್ಲಿರಬೇಕೋ ಅಲ್ಲಿ, ನಮ್ಮ ಕಾಲ ಕೆಳಗೆ, ಭೂಮಿಯ ಆಚೆ ಬದಿಯಲ್ಲಿ ತನ್ನ ಪಾಡಿಗೆ ತಾನಿದ್ದ.

ಎದುರು ಮನೆಯವರು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅಂಕಿಅಂಶಗಳನ್ನು ಜಾಲಿಸಿ ನಿಜವನ್ನು ಹುಡುಕುವ ಕೆಲಸದಲ್ಲಿದ್ದಾರೆ. ಸಂಜೆ ಸಕ್ಕರೆ ಕೇಳಲೆಂದು ಅವರ ಬಾಗಿಲು ತಟ್ಟಿದಾಗ ಉಪ್ಪಿನಕಾಯಿ ಜಾಡಿಯ ಮೇಲೊಂದು, ನೀರಿನ ಫಿಲ್ಟರಿನ ಮೇಲೊಂದು, ಇಡ್ಲಿ ಹಿಟ್ಟಿನ ಡಬ್ಬಿಯ ಮೇಲೊಂದು ದರ್ಭೆಯ ಎಳೆ ಕಂಡಿತು. ಫ್ರಿಜ್ಜಿನ ವಿಷಯದಲ್ಲಿ ಮಾತ್ರ ದಂಪತಿಗಳಲ್ಲಿ ಒಮ್ಮತವಿರಲಿಲ್ಲ. ಮೇಲೊಂದು ದರ್ಭೆ ಇಟ್ಟರೆ ಒಳಗಿನ ಹಾಲು, ಮೊಸರು, ನಿನ್ನೆಯ ಸಾರು ಎಲ್ಲಕ್ಕೂ ಆಗುತ್ತದೆಯೇ, ಅಥವಾ ಪಾತ್ರೆಗೊಂದರಂತೆ ಇಡಬೇಕೇ ಎಂಬ ಪ್ರಶ್ನೆಗೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಿಂದ ಉತ್ತರ ಬರಬೇಕಾಗಿತ್ತು. ನನ್ನ ಮುಖದಲ್ಲಿ ಏನು ಕಂಡಿತೋ, ಅವರೇ ಹೇಳಿದರು: "ನಂಬಿಕೆ ಅಂತೇನೂ ಇಲ್ಲ ಸಾರ್. ಯಾವುದಕ್ಕೂ ಇರಲಿ ಅಂತ."

ನಮ್ಮ ದೇಶದ ಖಗೋಳಶಾಸ್ತ್ರದಲ್ಲಿ ಸೂರ್ಯಸಿದ್ಧಾಂತವಿದೆ, ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತವಿದೆ. ಆದರೆ ಇವೆಲ್ಲವನ್ನೂ ಮೀರಿ ಇಂದಿಗೂ ಬಳಕೆಯಲ್ಲಿರುವುದು ಎದುರು ಮನೆಯವರು ಹೇಳಿದ ಈ ಯಾವುದಕ್ಕೂ ಇರಲಿ ಸಿದ್ಧಾಂತವೇ ಎಂದು ನನಗನ್ನಿಸುತ್ತದೆ. ಇದರ ಮೂಲಪುರುಷ ಸಾಮಾನ್ಯನಲ್ಲ.

ಕ್ರಿ.ಶ. 499ರ ಕಾಲದ ಆರ್ಯಭಟೀಯದ ಗೋಲಪಾದದಲ್ಲಿ ಆರ್ಯಭಟ ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು ಎಂದು ಅರ್ಧ ಶ್ಲೋಕದಲ್ಲಿ ಹೇಳಿ ಮುಗಿಸಿದ. ವರಾಹಮಿಹಿರನೂ ಗ್ರಹಣಕ್ಕೆ ರಾಹು ಕಾರಣನಲ್ಲ ಎಂದ. 628ರಲ್ಲಿ ಬಂದ ಬ್ರಹ್ಮಗುಪ್ತ ಇವರಿಬ್ಬರಿಗಿಂತ ಚೊಕ್ಕವಾಗಿ ಗ್ರಹಣದ ಲೆಕ್ಕ ಹಾಕಿದ. ನೆರಳಿನ ಅಗಲ, ಚಂದ್ರಬಿಂಬದ ಅಗಲ, ಎರಡೂ ಎಷ್ಟು ಹೊತ್ತು ಒಂದರ ಮೇಲೊಂದು ಇರುತ್ತವೆ ಎಂಬುದೆಲ್ಲ ಅದರಲ್ಲಿದೆ, ರಾಹುವಿನ ಬಾಯಿಯ ಅಳತೆ ಮಾತ್ರ ಎಲ್ಲಿಯೂ ಬರುವುದಿಲ್ಲ. ಇಷ್ಟಾದ ಮೇಲೆ ಅದೇ ಗ್ರಂಥದಲ್ಲಿ ಆತ ಆರ್ಯಭಟ, ವರಾಹಮಿಹಿರರ ಮೇಲೆ ಹರಿಹಾಯುತ್ತಾನೆ. ರಾಹು ಇಲ್ಲವೆನ್ನುವುದು ವೇದಕ್ಕೂ ಸ್ಮೃತಿಗೂ ಹೊರಗಾದ ಮಾತು, ಬ್ರಹ್ಮನ ವರಬಲದಿಂದ ರಾಹು ಭೂಮಿಯ ನೆರಳಿನೊಳಗೆ ಹೊಕ್ಕು ಚಂದ್ರನನ್ನು ಮರೆಮಾಡುತ್ತಾನೆ ಎಂಬುದು ಅವನ ವಾದ. ಇದಕ್ಕಿಂತ ನಾಜೂಕಾದ ಪಂಚಾಯಿತಿಯನ್ನು ನಾನು ಕಂಡಿಲ್ಲ. ನೆರಳೂ ನಿಂತಿತು, ರಾಹುವೂ ಉಳಿದ. ಬೀದಿಪಾಲಾಗಬೇಕಿದ್ದ ರಾಹುವಿಗೆ ಗಣಿತಜ್ಞ ನೆರಳಿನೊಳಗೇ ಒಂದು ಬಾಡಿಗೆ ಕೋಣೆ ಕೊಡಿಸಿದ.

ನಾಲ್ಕು ಶತಮಾನಗಳ ನಂತರ ಈ ಪುಟಗಳನ್ನು ಓದಿದ ಅಲ್‌ಬೆರೂನಿಗೆ ಸಂಕಟವಾಯಿತು. ಇಷ್ಟು ಬಲ್ಲವನು ಹೀಗೇಕೆ ಬರೆದ ಎಂದು ತಲೆ ಕೆಡಿಸಿಕೊಂಡು, ಸಾಕ್ರೆಟೀಸನಿಗೆ ಒದಗಿದ ಗತಿಯಂಥದ್ದೇ ಏನೋ ಇವನನ್ನು ಹೆದರಿಸಿರಬೇಕು, ಅದಕ್ಕೇ ಆತ್ಮಸಾಕ್ಷಿಗೆ ವಿರುದ್ಧವಾಗಿ ಮಾತನಾಡಿದ್ದಾನೆ ಎಂಬ ತೀರ್ಮಾನಕ್ಕೆ ಬಂದ. ಅಲ್‌ಬೆರೂನಿ ದೊಡ್ಡ ವಿದ್ವಾಂಸ, ಸಂಸ್ಕೃತವನ್ನೂ ಕಲಿತಿದ್ದ. ಆದರೆ ನಮ್ಮ ಎದುರು ಮನೆಗೆ ಬಂದಿದ್ದರೆ ವಿಷದ ಬಟ್ಟಲಿನ ಮಾತೇ ಬೇಕಾಗುತ್ತಿರಲಿಲ್ಲ. ಇಲ್ಲಿ ಯಾರೂ ಯಾರನ್ನೂ ಹೆದರಿಸಿಲ್ಲ, ಅತ್ತೆಯವರು ಊರಿನಿಂದ ಫೋನ್ ಮಾಡಿ "ದರ್ಭೆ ಹಾಕಿದ್ದೀರಾ?" ಎಂದು ಕೇಳಿದ್ದಾರೆ, ಅಷ್ಟೆ.

ನಡುವೆ ಒಂದು ಮಾತು. ಹಿಂದಿನ ಕಾಲದ ಗ್ರಹಣಗಳಿಂದ ಲಾಭವೇ ಆಗಿಲ್ಲವೆಂದು ನಾನು ಹೇಳುವುದಿಲ್ಲ. ಸೂರ್ಯಗ್ರಹಣದ ನಿಮಿತ್ತ ಭೂಮಿ ದಾನ ಕೊಟ್ಟ ಅರಸರ ಶಾಸನಗಳು ಕನ್ನಡ ನಾಡಿನ ಉದ್ದಗಲಕ್ಕೂ ಇವೆ. ಆ ಗ್ರಹಣಗಳನ್ನು ಹಿಮ್ಮುಖವಾಗಿ ಲೆಕ್ಕ ಹಾಕಿ ಶಾಸನದ ಕಾಲವನ್ನು ಗಟ್ಟಿ ಮಾಡಿಕೊಂಡ ಇತಿಹಾಸಕಾರರೂ ಇದ್ದಾರೆ. ಇಡ್ಲಿ ಹಿಟ್ಟಿನ ಮೇಲಿನ ದರ್ಭೆಯಿಂದ ಮುಂದಿನವರು ಯಾವ ಕಾಲವನ್ನು ನಿರ್ಣಯಿಸುತ್ತಾರೋ ತಿಳಿಯದು.

ಈ ಕಥೆಯಲ್ಲಿ ನನಗೆ ಮರುಕ ಹುಟ್ಟುವುದು ಚಿಂತಾಮಣಿ ರಘುನಾಥಾಚಾರ್ಯರ ಬಗ್ಗೆ. ಮದರಾಸಿನ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಇವರು 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ವನಪರ್ತಿಯಲ್ಲಿ ನಿಂತು ನೋಡಿದವರು. ಶುಕ್ರಗ್ರಹ ಸೂರ್ಯಬಿಂಬದ ಮುಂದೆ ಚುಕ್ಕೆಯಂತೆ ಹಾದುಹೋಗುವ 1874ರ ಶುಕ್ರಸಂಕ್ರಮಣವನ್ನು ಜನರಿಗೆ ತಿಳಿಸಲು ಬರೆದ ಪುಸ್ತಿಕೆಯನ್ನು ಕನ್ನಡದಲ್ಲಿಯೂ ಅಚ್ಚು ಹಾಕಿಸಿದವರು. ಹಳೆಯ ಸೂತ್ರಗಳಿಂದ ತೆಗೆದ ಪಂಚಾಂಗ ಆಕಾಶಕ್ಕೆ ತಾಳೆಯಾಗುತ್ತಿಲ್ಲ, ಕಣ್ಣಿಗೆ ಕಾಣುವುದಕ್ಕೆ ಹೊಂದುವ ದೃಗ್ಗಣಿತ ಬೇಕು ಎಂದು ಅವರು ಹಟ ಹಿಡಿದರು, ಸಂಪ್ರದಾಯಸ್ಥರ ವಿರೋಧವನ್ನೂ ಕಟ್ಟಿಕೊಂಡರು. ಗ್ರಹಣದ ಮಟ್ಟಿಗಂತೂ ಕೊನೆಗೆ ಅವರೇ ಗೆದ್ದರು. ಇಂದು ಗ್ರಹಣದ ಸ್ಪರ್ಶ, ಮಧ್ಯ, ಮೋಕ್ಷಗಳು ಪಂಚಾಂಗದಲ್ಲಿ ನಿಮಿಷಕ್ಕೆ ಸರಿಯಾಗಿ ಬರುತ್ತವೆ, ಮೊಬೈಲಿನ ಪಂಚಾಂಗದಲ್ಲಂತೂ ಊರೂರಿಗೆ ಬೇರೆಬೇರೆಯಾಗಿ ಬರುತ್ತವೆ. ಹಿಂದೆ ಅರ್ಧ ಗಳಿಗೆ ಆಚೀಚೆಯಾಗಿ ಹೆದರುತ್ತಿದ್ದವರು ಈಗ ಕರಾರುವಾಕ್ಕಾಗಿ ಹೆದರುವಂತಾಗಿದೆ.

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ಪಟ್ಟಿ ನಮ್ಮ ರಾಜ್ಯದ ಮೇಲೆಯೇ ಹಾದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯವರು ದೂರದರ್ಶಕಗಳನ್ನು ಹೂಡಿ ಮುಗಿಲಿಗೆ ಮುಖ ಮಾಡಿ ನಿಂತಿದ್ದರೆ, ಎಷ್ಟೋ ಊರುಗಳು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದವು. ಈಗ ಹಾಗಿಲ್ಲ, ಎಲ್ಲರೂ ನೋಡುತ್ತಾರೆ, ಆದರೆ ಟೀವಿಯಲ್ಲಿ. ಪರದೆಯ ಎಡಕ್ಕೆ ಕೆಂಪಗಾದ ಚಂದ್ರನ ನೇರಪ್ರಸಾರ, ಬಲಕ್ಕೆ ಹನ್ನೆರಡು ರಾಶಿಗಳ ಫಲ, ನಡುವೆ ಒಬ್ಬ ವಿಜ್ಞಾನಿ. ಜ್ಯೋತಿಷಿಗಳು ನಲವತ್ತು ನಿಮಿಷ ಮಾತನಾಡಿದ ಮೇಲೆ ಅವರಿಗೆ ನಲವತ್ತು ಸೆಕೆಂಡು ಸಿಗುತ್ತದೆ, ಅದೂ "ಹಾಗಾದರೆ ಕುಂಭರಾಶಿಯವರು ಹೆದರಬೇಕಿಲ್ಲ ಅಂತೀರಾ ಸಾರ್?" ಎಂಬ ಪ್ರಶ್ನೆಗೆ ಉತ್ತರಿಸಲು. ಗ್ರಹಣದಿಂದ ನಿಜವಾಗಿ ತೊಂದರೆಗೆ ಸಿಗುವುದು ಚಂದ್ರನನ್ನು ಸುತ್ತುವ ಗಗನನೌಕೆಗಳು. ಸೌರಫಲಕಗಳಿಗೆ ಬಿಸಿಲು ಸಿಗದ ಆ ಕೆಲವು ಗಂಟೆಗಳನ್ನು ಅವು ಬ್ಯಾಟರಿಯಲ್ಲಿ ದಾಟಬೇಕು, ಆದ್ದರಿಂದ ಮೊದಲೇ ಲೆಕ್ಕ ಹಾಕಿ ಅಣಿಗೊಳಿಸುವವರಿಗೆ ಅಂದು ನಿಜಕ್ಕೂ ವೇಧ. ಅವುಗಳ ರಾಶಿ ಯಾವುದೆಂದು ಯಾರೂ ಕೇಳಲಿಲ್ಲ.

ನಗುತ್ತಾ ಬರೆಯಲಾಗದ ದಿನವೂ ಒಂದಿತ್ತು. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ನಡೆಯುತ್ತಿದ್ದಾಗ ಕಲಬುರಗಿ ಬಳಿಯ ತಾಜ್‌ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಗುಂಡಿಯಲ್ಲಿ ಹೂತು ನಿಲ್ಲಿಸಿದರು. ಅಲ್ಲಿಯೂ ಸಮಯ ತಪ್ಪಲಿಲ್ಲ. ಗ್ರಹಣದ ವೇಳೆ ಎಲ್ಲರಿಗೂ ಗೊತ್ತಿತ್ತು. ಅಮಾನವೀಯ ಆಚರಣೆಗಳ ವಿರುದ್ಧ 2017ರಲ್ಲಿ ನಮ್ಮ ಶಾಸನಸಭೆ ಒಪ್ಪಿದ ಕಾಯ್ದೆ ಜಾರಿಗೆ ಬಂದದ್ದು ಇದಾದ ಮರುತಿಂಗಳು, 2020ರ ಜನವರಿಯಲ್ಲಿ. ಅದರಲ್ಲಿಯೂ ಜ್ಯೋತಿಷ್ಯಕ್ಕೆ, ವಾಸ್ತುವಿಗೆ ವಿನಾಯಿತಿಯಿದೆ. ಶಾಸನಸಭೆಗೂ ಯಾವುದಕ್ಕೂ ಇರಲಿ ಎನ್ನಿಸಿರಬೇಕು.

ಆ ಸೆಪ್ಟೆಂಬರಿನ ರಾತ್ರಿ 11 ಗಂಟೆಯಿಂದ 12 ಗಂಟೆ 22 ನಿಮಿಷದವರೆಗೆ ಚಂದ್ರ ಪೂರ್ತಿ ಮುಳುಗಿದ್ದ. ಮಹಡಿಯ ಮೇಲೆ ನಾನು ಮತ್ತು ವಾಚ್‌ಮನ್ ಇಬ್ಬರೇ ಇದ್ದೆವು. ಮೋಡ ಸರಿದಾಗಲೆಲ್ಲ ಅವನು "ಇಟ್ಟಿಗೆ ಬಣ್ಣ ಬಂತು ನೋಡಿ ಸಾರ್" ಎಂದು ಕೈ ತೋರಿಸುತ್ತಿದ್ದ. 1 ಗಂಟೆ 26 ನಿಮಿಷಕ್ಕೆ ಮೋಕ್ಷ. ಒಂದೂವರೆಗೆ ಇಡೀ ಕಟ್ಟಡದ ಗೀಸರುಗಳು ಒಟ್ಟಿಗೆ ಚಾಲೂ ಆದವು, ಎರಡರ ಹೊತ್ತಿಗೆ ಟ್ಯಾಂಕು ಬರಿದಾಯಿತು, ಅರ್ಧ ಸ್ನಾನದಲ್ಲಿ ಸಿಕ್ಕಿಬಿದ್ದ ಎದುರು ಮನೆಯವರು ಬಾಗಿಲ ಸಂದಿಯಿಂದ ಮುಖ ಹಾಕಿ ವಾಚ್‌ಮನ್ನನನ್ನು ಕೇಳಿದರು: "ಮೋಟರ್ ಹಾಕೋಕ್ಕೆ ಒಂದು ಟೈಮ್ ನೋಡ್ಕೊಳ್ಳೋಕ್ಕಾಗಲ್ವೇನಪ್ಪಾ?"