ಅಗ್ಗದ ತಂಡದ ಮಿತಿ

ಅಮೆರಿಕದ ಬೇಸ್‌ಬಾಲ್ ಬಗ್ಗೆ ಈಚೆಗೆ ಓದಿದ ಲೇಖನವೊಂದರಲ್ಲಿ, ದುಡ್ಡು ಸುರಿದರೆ ಗೆಲ್ಲೋದಿಲ್ಲ, ಲೆಕ್ಕಾಚಾರದಿಂದ ಕಟ್ಟಿದ ಅಗ್ಗದ ತಂಡವೂ ಗೆಲ್ಲಬಹುದು ಅಂತ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. 2002ರಲ್ಲಿ ಓಕ್ಲೆಂಡ್ ತಂಡ ಆಟಗಾರರಿಗೆ ಸುಮಾರು 4 ಕೋಟಿ ಡಾಲರ್ ಸಂಬಳ ಕೊಟ್ಟು 103 ಪಂದ್ಯ ಗೆದ್ದಿತು; ಮೂರು ಪಟ್ಟು ಖರ್ಚು ಮಾಡಿದ ನ್ಯೂಯಾರ್ಕ್ ಯಾಂಕೀಸ್ ಗೆದ್ದದ್ದೂ ಅಷ್ಟೇ. 2023ರಲ್ಲಿ ನ್ಯೂಯಾರ್ಕ್‌ನ ಇನ್ನೊಂದು ತಂಡ ಮೆಟ್ಸ್ ಅಂತೂ ದಾಖಲೆಯ ಸಂಬಳ ಕೊಟ್ಟು 162ರಲ್ಲಿ 87 ಪಂದ್ಯ ಸೋತಿತು, ತಾರಾ ಪಿಚರ್‌ಗಳಾದ (ಚೆಂಡೆಸೆಯುವವರು) ಶರ್ಜರ್, ವರ್ಲ್ಯಾಂಡರ್ ಇಬ್ಬರನ್ನೂ ಸೀಸನ್ ಮಧ್ಯದಲ್ಲೇ ಬೇರೆ ತಂಡಗಳಿಗೆ ಸಾಗಹಾಕಿತು (ಅವರ ಸಂಬಳದ ದೊಡ್ಡ ಪಾಲು ತಾನೇ ಹೊತ್ತುಕೊಂಡು!).

ಆದರೆ ಆ ಓಕ್ಲೆಂಡ್ ಸೀಸನ್ ಮುಗಿದ ಮೇಲಿನ ಪ್ಲೇಆಫ್ (ನಾಕೌಟ್) ಮೊದಲ ಸುತ್ತಲ್ಲೇ ಮನೆಗೆ ಹೋಯಿತಲ್ಲ? ಇನ್ನೊಂದು ಅಗ್ಗದ ತಂಡ ಟ್ಯಾಂಪಾ ಬೇ 2025ರವರೆಗೂ ವರ್ಲ್ಡ್ ಸೀರೀಸ್ (ಅಂತಿಮ ಚಾಂಪಿಯನ್ ಸರಣಿ) ಗೆದ್ದಿಲ್ಲ. ಸೀಸನ್‌ನ 162 ಪಂದ್ಯಗಳಲ್ಲಿ ಫಲ ಕೊಡುವ ಲೆಕ್ಕಾಚಾರ ಪ್ಲೇಆಫ್‌ನ ಐದು ಪಂದ್ಯಗಳ ಸರಣಿಯಲ್ಲಿ ಕೈಕೊಡಬಹುದು.

ಇನ್ನು ಲಾಸ್ ಏಂಜಲೀಸ್‌ನ ಶ್ರೀಮಂತ ತಂಡ ಡಾಡ್ಜರ್ಸ್ ಬರೀ ದುಡ್ಡಿನ ತಂಡ ಅನ್ನೋದೂ ತಪ್ಪು. ಅಲ್ಲೂ ಲೆಕ್ಕಾಚಾರ ಇದೆ: ಜಪಾನಿನ ತಾರೆ ಒಹ್ತಾನಿಯ ಒಪ್ಪಂದದ 70 ಕೋಟಿ ಡಾಲರ್‌ನಲ್ಲಿ 68 ಕೋಟಿಯ ಪಾವತಿಯನ್ನು 2034ರಿಂದ ಮುಂದಕ್ಕೆ ತಳ್ಳಿದ್ದಾರೆ. ಆ ತಂಡ ನಡೆಸುವ ಆಂಡ್ರ್ಯೂ ಫ್ರೀಡ್‌ಮನ್ ಟ್ಯಾಂಪಾದಲ್ಲೇ ಕಾಸಿಗೆ ಕಾಸು ಎಣಿಸಿ ಪಳಗಿದವರು.