ಸ್ಪಷ್ಟನೆ: ಆರನೇ ಕ್ಲಾಸಿನ ಐಚ್ಛಿಕ ವಿಷಯ ಹಣೆಬರಹ ಅಲ್ಲ

‘ಆರನೇ ಕ್ಲಾಸಲ್ಲೇ ಕೋಡಿಂಗ್ ತಗೊಳ್ಳದಿದ್ದರೆ ಎಂಜಿನಿಯರಿಂಗ್ ದಾರಿ ಮುಚ್ಚಿದ ಹಾಗೆ’ ಎಂಬ ಸಂದೇಶ ಪೋಷಕರ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ. ಎಂಜಿನಿಯರಿಂಗಿಗೆ ಮುಖ್ಯವಾಗಿ ಬೇಕಾಗುವುದು ಶಾಲೆಯ ಕೊನೆಯ ವರ್ಷಗಳ ಗಣಿತ, ವಿಜ್ಞಾನ. ಈ ವಯಸ್ಸಿನ ಕೋಡಿಂಗ್ ಕ್ಲಾಸು ಅಂದರೆ ಹೆಚ್ಚಾಗಿ ಮಕ್ಕಳಿಗಾಗಿ ಮಾಡಿದ ಕೋಡಿಂಗ್ ತಂತ್ರಾಂಶ ಸ್ಕ್ರ್ಯಾಚ್‌ನಲ್ಲಿ ಬಣ್ಣದ ಬ್ಲಾಕ್ ಎಳೆದು ಜೋಡಿಸಿ, ಪರದೆ ಮೇಲೆ ಬೆಕ್ಕನ್ನು ಓಡಿಸುವುದು. ಖುಷಿಯ ಕೆಲಸವೇ. ಆದರೆ ಸ್ಕ್ರ್ಯಾಚ್ ಉಚಿತ, ಮನೆಯಲ್ಲೂ ಕಲಿಯಬಹುದು.

ಹಾಗಂತ ಐಚ್ಛಿಕ ವಿಷಯ ಆರಿಸುವ ಫಾರಂನಲ್ಲಿ ಸುಮ್ನೆ ಯಾವುದಕ್ಕೋ ಟಿಕ್ ಹಾಕಬೇಡಿ. ಭಾಷೆ, ವಾದ್ಯ ಇವೆರಡು ಮಾತ್ರ ಬೇರೆ. ಅವು ಒಂದು ವರ್ಷದ ಮೇಲೆ ಇನ್ನೊಂದು ವರ್ಷ ನಿಲ್ಲುವ ವಿಷಯಗಳು. ಕ್ಲಾರಿನೆಟ್ ಹಿಡಿದ ಮಗುವಿಗೆ ಕೀರಲದೆ ಸ್ವರ ಹೊರಡಿಸಲು ತುಟಿ ಪಳಗಬೇಕು. ಎರಡನೇ ವರ್ಷ ನಡುವೆ ಬಂದು ಸೇರಿದವರು ತಿಣುಕುತ್ತಾರೆ. ಚಿತ್ರಕಲೆ, ನಾಟಕ, ಮರಗೆಲಸಕ್ಕೆ ಆ ಕಾಟ ಕಡಿಮೆ.

ಫಾರಂನಲ್ಲಿ ಎರಡನೇ ಆಯ್ಕೆಯನ್ನೂ ಯೋಚಿಸಿ ಬರೆಯಿರಿ. ಮೊದಲನೆಯದರ ಸೀಟು ತುಂಬಿದರೆ ಸಿಗುವುದು ಅದೇ ಅಲ್ವಾ? ಕ್ಲಾಸು ಶುರುವಾದ ಮೇಲೆ ವಿಷಯ ಬದಲಿಸಲು ಹಲವು ಶಾಲೆಗಳು ಕೆಲವು ದಿನ ಕೊಡುತ್ತವೆ. ಆ ಕೊನೆಯ ದಿನಾಂಕ ಯಾವುದು ಎಂದು ಶಾಲೆಯಲ್ಲೇ ಕೇಳಿ.