ಐದನೇ ನಗುಮುಖ

ನಿನ್ನೆ ಅಮ್ಮನ ಬಿಪಿ ಮಾತ್ರೆಗೆ ಅಂತ ಆಸ್ಪತ್ರೆಗೆ ಹೋಗಿದ್ದೆ. ಬಂದಾಗಿನಿಂದ ತಲೆ ಬಿಸಿಯಾಗಿದೆ, ಇಲ್ಲೇ ಕಕ್ಕಿಬಿಡ್ತೀನಿ.

ಸಾಲಲ್ಲಿ ನಮ್ಮ ಮುಂದೆ ಒಬ್ಬ ಅಜ್ಜಿ. ಟ್ಯಾಬ್ ಹಿಡಿದ ಹುಡುಗ ಬಂದು "ಅಜ್ಜಿ, ಇಲ್ಲಿನ ಸೇವೆ ತೃಪ್ತಿಕರವಾಗಿದೆಯಾ?" ಅಂದ. ಪರದೆ ಮೇಲೆ 5 ಮುಖ, ಅಳೋದರಿಂದ ನಗೋವರೆಗೆ. ನಾಲ್ಕು ಅಡಿ ದೂರದಲ್ಲೇ ಡಾಕ್ಟರು. ಅಜ್ಜಿ "ಎಲ್ಲಾ ಚೆನ್ನಾಗೈತೆ ಕಣಪ್ಪ" ಅಂದರು. ಹುಡುಗ ತಾನೇ ಐದನೇ ಮುಖ ಒತ್ತಿದ. ಅವನು ಆಚೆ ಹೋದ ಮೇಲೆ ಅಜ್ಜಿ ಅಮ್ಮನ ಕಿವಿಯಲ್ಲಿ ಹೇಳಿದ್ದು: "ಮೂರನೇ ಸಲ ಬರ್ತಿರೋದು ಕಣಮ್ಮ. ಕೂಲಿ ಎಲ್ಲಾ ಹೋಯ್ತು."

ಈ ಟ್ಯಾಬ್ ಸರ್ವೆಗೆ ಸಂಶೋಧನೆ ಅನ್ನಬೇಕಂತೆ! ಡಾಕ್ಟರ ಎದುರೇ ಕೇಳಿದರೆ ಯಾರು ತಾನೇ ಬೈತಾರೆ? ಅದು ಬಿಡಿ. ಬಂದವರನ್ನೇ ಕೇಳ್ತಾರಲ್ಲ, ಎರಡು ಸಲ ವಾಪಸ್ ಹೋಗಿ ಮೂರನೇ ಸಲ ಬಾರದೇ ಇದ್ದವರಿಗೆ ಆ ಟ್ಯಾಬಲ್ಲಿ ಯಾವ ಮುಖ ಇದೆ?

ಕೊಪ್ಪಳದಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಅನ್ನೋ ಸಂಶೋಧಕಿಯರ ತಂಡ ಬಾಣಂತಿ, ಬಸುರಿಯರ ಸಾವಿನ ಬೆನ್ನು ಹತ್ತಿತ್ತು. ಸಾವಾದ ಮನೆಗೇ ಹೋಗಿ ಕೂತು, ನೋವು ಯಾವಾಗ ಶುರುವಾಯ್ತು, ಮೊದಲು ಎಲ್ಲಿಗೆ ಕರೆದುಕೊಂಡು ಹೋದಿರಿ, ಅಲ್ಲಿಂದ ಎಲ್ಲಿಗೆ ಕಳಿಸಿದರು ಅಂತ ಕೇಳೋದು. ವರ್ಬಲ್ ಅಟಾಪ್ಸಿ ಅಂತಾರೆ. 2012ರಲ್ಲಿ ಅದು ಅಚ್ಚಾಯಿತು. "ಹಳ್ಳಿಯವರು ಆಸ್ಪತ್ರೆಗೇ ಬರಲ್ಲ" ಅಂತೀವಲ್ಲ, ಅಲ್ಲಿ ಹಲವರು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದೇ ಸತ್ತಿದ್ದರು. ನಗುಮುಖದ ಲೆಕ್ಕದಲ್ಲಿ ಇದು ಸಿಗುತ್ತಾ?

"ಮನೆ ಮನೆಗೆ ಹೋಗೋಕೆ ಟೈಮು, ದುಡ್ಡು ಎಲ್ಲಿದೆ?" ಅಂತ ಇನ್‌ಬಾಕ್ಸಿಗೆ ಬರ್ತೀರಿ, ಗೊತ್ತು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ದಂಪತಿ ಅಭಯ್ ಬಂಗ್, ರಾಣಿ ಬಂಗ್ ಹಳ್ಳಿ ಹೆಂಗಸರಿಗೇ ಹಸುಗೂಸಿನ ಆರೈಕೆ ಕಲಿಸಿ ಮನೆ ಮನೆಗೆ ಕಳಿಸಿದರು. ಮೂರನೇ ವರ್ಷಕ್ಕೆ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಹಸುಗೂಸುಗಳ ಸಾವು ಶೇ. 62ರಷ್ಟು ಇಳಿದಿತ್ತು. 1999ರಲ್ಲೇ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಟೈಮಿಲ್ಲವಂತೆ, ಟೈಮು!

ಜಾಸ್ತಿ ಹಾರಾಡೋ ಹಾಗೂ ಇಲ್ಲ ನಾನು. ಎರಡು ವರ್ಷ ಸರ್ವೆ ಮಾಡಿ ಹೊಟ್ಟೆ ಹೊರೆದವಳು ಅಂತ ನಿಮಗೇ ಗೊತ್ತಲ್ಲ. ಬೀಗ ಹಾಕಿದ ಮನೆ ಸಿಕ್ಕರೆ ಸುಮ್ನೆ ಪಕ್ಕದ ಮನೆಗೆ ಹೋಗಿ ಫಾರಂ ತುಂಬಿಸ್ತಿದ್ದೆ. ಹಗಲು ಹೊತ್ತು ಬೀಗ ಬೀಳೋದು ಕೂಲಿಗೆ ಹೋದವರ ಮನೆಗೇ ಅಲ್ವಾ? ಸಂಜೆ ಇನ್ನೊಂದು ಸಲ ಹೋಗಿದ್ದರೆ ಸಿಗುತ್ತಿದ್ದರು. ನನ್ನ ಕೊನೇ ಬಸ್ಸು 5.30ಕ್ಕಿತ್ತು.